ಜೋಳದ ಹೊಲದ ಹಸಿರು ಬಳೆ

ಆಳಂದದ ನನ್ನ ಅಡ್ಡೆಗೆ ಕಣಕಿ ಕೊಳ್ಳಲು ಬಂದವರು ಮೊದಲು ಕಣಕಿ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಕಣಕಿ ಅಂದರೆ ಜೋಳದ ತೆನೆ ಮುರಿದ ಮೇಲೆ ಉಳಿಯುವ ಒಣ ದಂಟು. ನಮ್ಮ ಕಡೆ ದನ ಎಮ್ಮೆಗಳ ಊಟ ಅದೇ. ಅದನ್ನೇ ಕೊಂಡು ಮಾರುವ ನನ್ನ ಊಟವೂ ಅದರಿಂದಲೇ. ಗೋಡೆಯ ಮೇಲೆ ಎರಡು ಫೋಟೊ ಇವೆ, ಎರಡೂ ಆಕಾಶದಿಂದ ತೆಗೆದವು. ಒಂದರಲ್ಲಿ ಮದುವೆಯ ಹಂದರ, ಅದರ ಮಗ್ಗುಲ ಜೋಳದ ಹೊಲದಲ್ಲಿ ಒಂದು ದೊಡ್ಡ ಹಸಿರು ಬಳೆ. ಇನ್ನೊಂದರಲ್ಲಿ ಅದೇ ಹೊಲ. ಹಂದರ ಇಲ್ಲ, ಬಳೆ ಇಲ್ಲ, ಈ ಅಂಚಿನಿಂದ ಆ ಅಂಚಿಗೆ ಬರೀ ಹಸಿರು.

ಜನ ಕೇಳುವುದು ಈ ಎರಡನೆಯದರ ಬಗ್ಗೆಯೇ.

"ಅಕ್ಕಾ, ಇದೇನ್ರಿ? ಹುಲ್ಲಿನ ಫೋಟೊ ಏನು?"

"ಹೌದ್ರಿ, ಹುಲ್ಲಿಂದೇ."

"ಹುಲ್ಲಿಗಿ ಯಾರರೆ ಫ್ರೇಮ್ ಹಾಕಸ್ತಾರೇನ್ರಿ?"

"ಅದು ಗೆದ್ದ ಫೋಟೊ ಅದ. ನಿಮಗ ಎಷ್ಟು ಕಟ್ಟು ಬೇಕು, ಅದು ಹೇಳ್ರಿ ಮೊದಲ."

ಅಂಗಡಿ ಇಟ್ಟವರಿಗೆ ನನ್ನದೊಂದು ಸಲಹೆ. ನೋಡಿದ ತಕ್ಷಣ ಅರ್ಥವಾಗದಂಥ ಒಂದು ವಸ್ತು ಗೋಡೆಯ ಮೇಲೆ ಇರಲಿ. ಗಿರಾಕಿ ಅದನ್ನು ವಿಚಾರಿಸುತ್ತ ನಿಂತಷ್ಟು ಹೊತ್ತಿನಲ್ಲಿ ಅವನ ಚೌಕಾಸಿಯ ಬಿಸಿ ಅರ್ಧ ಇಳಿದಿರುತ್ತದೆ. ಆದರೆ ನಾನು ಈ ಫೋಟೊ ಹಾಕಿದ್ದು ಅದಕ್ಕಲ್ಲ. ಹೇಳುತ್ತೇನೆ, ಕಟ್ಟಿನ ಮೇಲೆ ಕೂಡ್ರಿ. ನಿನ್ನೆಯಷ್ಟೇ ಬಂದ ಮಾಲು, ಚುಚ್ಚುವುದಿಲ್ಲ.

ನಮ್ಮಕ್ಕನನ್ನು ಅಫಜಲಪುರ ತಾಲೂಕಿನ ಗೊಬ್ಬೂರಿಗೆ ಕೊಟ್ಟಿದ್ದಾರೆ. ಅವಳ ಮಗಳು ಭಾಗ್ಯಶ್ರೀಗೆ ಜೇವರ್ಗಿಯ ವರ ಗೊತ್ತಾದ. ತೊಗರಿ ಕೊಯ್ದು ಖಾಲಿಯಾಗಿದ್ದ ತಮ್ಮ ಹೊಲದಲ್ಲೇ ಹಂದರ ಹಾಕುವುದೆಂದು ಗಂಡಸರು ತೀರ್ಮಾನಿಸಿದರು. ಡ್ರೋನ್ ಬೇಕೇ ಬೇಕೆಂದು ಅಕ್ಕ ತೀರ್ಮಾನಿಸಿದಳು. ನಮ್ಮ ಮನೆತನದಲ್ಲಿ ಬಂಗಾರದಿಂದ ಬ್ಯಾಂಡಿನವರೆಗೆ ಯಾವುದಕ್ಕೆ ದರ ಕುದುರಿಸಬೇಕಾದರೂ ಕರೆಯುವುದು ನನ್ನನ್ನೇ. ಆಳಂದದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಖಾಜಾನ ಮುಂದೆ ಹೋಗಿ ಕೂತೆ.

"ಖಾಜಾ, ಮ್ಯಾಲಿಂದ ಹಿಡದ್ರ ಮಂದಿ ಮಾರಿ ಕಾಣ್ತಾವೇನೋ?"

"ಮಾರಿ ಹ್ಯಾಂಗ ಕಾಣ್ತಾವ ಅಕ್ಕಾ? ತಲಿ ಕಾಣ್ತಾವ."

"ಮಂದಿ ತಲಿ ನೋಡಾಕ ನಾವು ರೊಕ್ಕ ಕೊಡಬೇಕಾ? ಕಟಿಂಗ್ ಅಂಗಡಿಯಾಗ ಕುಂತ್ರ ಫುಕಟ್ ಕಾಣ್ತಾವ."

"ಅರೇ ಅಕ್ಕಾ, ಶಾದಿ ಎಷ್ಟು ಜಬರ್ದಸ್ತ್ ಆತು ಅಂತ ಮ್ಯಾಲಿಂದೇ ತಿಳೀತದ. ಕೆಳಗ ನಿಂತ್ರ ಬರೀ ಬುಂದಿ ಪಾಳಿ ಕಾಣ್ತದ."

ಮಾತಿಗೆ ಮಾತು ಬೆಳೆದು, ಚಹಾ ಬಂದು, ಕೊನೆಗೆ ಡ್ರೋನ್ ಒಂದೇ ಸಲ ಮೇಲೇರುವುದು, ಆದರೆ ದೊಡ್ಡದೊಂದು ಫೋಟೊ ಫ್ರೇಮ್ ಹಾಕಿ ಪುಕ್ಕಟೆ ಕೊಡುವುದು ಎಂದು ಒಪ್ಪಂದವಾಯಿತು. ಮದುವೆ ಮುಗಿದ ಮೇಲೆ ಫ್ರೇಮು ಬಂತು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸಾಸಿವೆ ಚೆಲ್ಲಿದ ಹಾಗೆ ಜನ. "ನಾ ಎಲ್ಲಿ ಅದೀನಿ ಇದರಾಗ?" ಅಂದಳು. ಖಾಜಾ ಒಂದು ಸಾಸಿವೆ ಕಾಳು ತೋರಿಸಿದ. "ಅದು ನನ್ನ ನೆಗೆಣ್ಣಿ," ಅಂತ ಸಿಟ್ಟಾಗಿ ಫ್ರೇಮು ನನಗೇ ಕೊಟ್ಟುಬಿಟ್ಟಳು. ಹಾಗೆ ಅದು ನನ್ನ ಗೋಡೆಗೆ ಬಂತು.

ಬಳೆ ಇದ್ದದ್ದು ಫೋಟೊದ ಮೂಲೆಯಲ್ಲಿ, ಹಂದರದಾಚೆಯ ಹೊಲದಲ್ಲಿ. ಆ ವರ್ಷ ಮಳೆ ಕಡಿಮೆ. ಮಾಘ ಮಾಸಕ್ಕಾಗಲೇ ಹಿಂಗಾರಿ ಜೋಳದ ಬಣ್ಣ ತಿರುಗಿ ಹೊಲವೆಲ್ಲ ಮಾಸಿದ ಹಳದಿ. ಅದರ ನಡುವೆ ಒಂದು ಸುತ್ತು ಮಾತ್ರ ಹಸಿ ಹಸಿರು. ಪೂರ್ತಿ ಸುತ್ತೂ ಅಲ್ಲ, ಹಳ್ಳದ ಕಡೆಗೆ ಸಣ್ಣದೊಂದು ತುಂಡು ಬಿಟ್ಟುಹೋಗಿತ್ತು, ಒಡೆದ ಬಳೆಯ ಹಾಗೆ. ಅಡ್ಡೆಗೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಟ್ರ್ಯಾಕ್ಟರ್ ತಿರುಗಿಸಿದ ಗುರುತು ಅಂತ ಒಬ್ಬ. ಘತ್ತರಗಿ ಭಾಗ್ಯವಂತಿ ದೇವಿಯ ಕೈಬಳೆ ಜಾರಿ ಬಿದ್ದದ್ದು ಅಂತ ಒಬ್ಬ ಮುದುಕಿ ಕೈ ಮುಗಿದಳು. ಕ್ಯಾಮೆರಾದ ಗಾಜಿಗೆ ಖಾಜಾ ಚಹಾದ ಕಪ್ಪು ಇಟ್ಟಿದ್ದಾನೆ ಅಂತ ಇನ್ನೊಬ್ಬ. ನನ್ನ ತೀರ್ಪು ಒಂದೇ: "ಬಣವಿ ಒಟ್ಟಿದ ಜಾಗ ಅದು. ಕಣಕಿ ಕೊಳತು ಗೊಬ್ಬರ ಆಗ್ಯದ, ಅದಕ್ಕ ಹಸರ." ಕಣಕಿ ವಿಷಯದಲ್ಲಿ ನನ್ನ ಮಾತಿಗೆ ಎದುರಾಡುವವರು ಮೂರು ತಾಲೂಕಿನಲ್ಲಿ ಇಲ್ಲ. ಹಾಗಾಗಿ ಆ ತೀರ್ಪು ಬಹಳ ದಿನ ನಡೆಯಿತು.

ಬಣವೆ ಅಂದರೆ ನನಗೆ ಬಾಲ್ಯ. ನಮ್ಮದು ಗಡಿಗೆ ಹತ್ತಿದ ಹಿರೋಳ್ಳಿ. ಊರಾಚೆ ನಾಲ್ಕು ಹೆಜ್ಜೆ ಹಾಕಿದರೆ ಎಮ್ಮೆಗೆ ಮರಾಠಿಯಲ್ಲಿ ಬೈಯುತ್ತಾರೆ. ನಮ್ಮಪ್ಪ ಇನ್ನೊಬ್ಬರ ಹೊಲಗಳಲ್ಲಿ ಬಣವೆ ಒಟ್ಟುವ ಕೆಲಸಕ್ಕೆ ಹೋಗುತ್ತಿದ್ದ. ನಾನು ಹಗುರ ಇದ್ದದ್ದರಿಂದ ನನ್ನನ್ನು ಮೇಲೆ ಹತ್ತಿಸಿ, ಕೆಳಗಿನಿಂದ ಕಟ್ಟು ಎಸೆಯುತ್ತಿದ್ದ. ನಾನು ಹಿಡಿದು ಜೋಡಿಸುತ್ತಿದ್ದೆ. ಬಣವೆ ಬೆಳೆದ ಹಾಗೆ ನಾನೂ ಮೇಲೇರುತ್ತಿದ್ದೆ. ಮೇಲಿನಿಂದ ಊರೆಂದರೆ ಬೇರೆಯೇ ಊರು! ಯಾರ ಮಾಳಿಗೆಯ ಮೇಲೆ ಎಷ್ಟು ಮೆಣಸಿನಕಾಯಿ ಒಣಗಿವೆ, ಶಾವಿಗೆ ಕಾಯಲು ಕೂತ ಯಾವ ಮುದುಕಿ ನಿದ್ದೆ ಹೊಡೆಯುತ್ತಿದ್ದಾಳೆ, ಎಲ್ಲ ನನ್ನ ಕಣ್ಣಿಗೆ. ಒಂದು ಸಲ ಮಳೆ ನಿಂತ ಮೇಲೆ ಹತ್ತಿದ್ದೆ. ಊರ ಮಗ್ಗುಲಿಗೆ ಹಳೆಯದೊಂದು ವಾಡೆ ಬಿದ್ದು ಮಣ್ಣಾಗಿ, ನೆಲ ಸಪಾಟಾಗಿ, ಹುಲ್ಲು ಬೆಳೆದಿತ್ತು. ಕೆಳಗೆ ನಿಂತರೆ ಅದು ದನ ಮೇಯುವ ಬಯಲು. ಮೇಲಿನಿಂದ ನೋಡಿದರೆ ಹುಲ್ಲಿನಲ್ಲೇ ಯಾರೋ ಗೆರೆ ಎಳೆದ ಹಾಗಿತ್ತು! ಗೋಡೆ ಇದ್ದಲ್ಲಿ ಹುಲ್ಲು ತೆಳ್ಳಗೆ, ಕೋಣೆ ಇದ್ದಲ್ಲಿ ದಟ್ಟ. ಪಡಸಾಲೆ, ಅಡಿಗೆಮನೆ, ದನದ ಕೊಟ್ಟಿಗೆ ಎಲ್ಲ ಎಣಿಸಬಹುದಾಗಿತ್ತು.

"ಅಪ್ಪಾ, ವಾಡೇದ ಅಡಗಿಮನಿ ಕಾಣಾಕತ್ತದ!" ಅಂತ ಕೂಗಿದೆ.

"ಕಟ್ಟು ಹಿಡಿ ಬೇ. ಅಡಗಿಮನಿ ಆಮ್ಯಾಲ ನೋಡೀಯಂತ," ಅಂದ ಅಪ್ಪ, ಮತ್ತು ಎಸೆದ. ಕಟ್ಟು ನೇರ ನನ್ನ ಮೂಗಿಗೆ ಬಂತು. ನನ್ನ ಆಕಾಶದ ಓದು ಅವತ್ತಿಗೆ ನಿಂತಿತು. ಆಮೇಲೆ ಅದೇ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಮಾರಿ, ಬಂಡಿಯ ಮೇಲೆ ಮಾರಿ, ಈಗ ಲಾರಿಯ ಮೇಲೆ ಮಾರುತ್ತಿದ್ದೇನೆ. ವಾಡೆಯ ಅಡಿಗೆಮನೆ ಮರೆತೇ ಹೋಗಿತ್ತು, ರೇಣುಕಾ ಬರುವ ತನಕ.

ರೇಣುಕಾ ಭಾಗ್ಯಶ್ರೀಯ ಗಂಡನ ಕಾಕಾನ ಮಗಳು. ಜೇವರ್ಗಿಯಲ್ಲಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಮದುವೆಯ ವಿಡಿಯೊ ಅವರ ಮನೆಯಲ್ಲಿ ಹಾಕಿದ್ದರಂತೆ. ಹೆಣ್ಣು ಕಳಿಸಿಕೊಡುವ ಹೊತ್ತು, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ ಡ್ರೋನಿನ ದೃಶ್ಯ ಬಂದು ಹೋಗಿದೆ. ಇವಳು "ನಿಲ್ಲಸ್ರಿ! ಹಿಂದಕ್ಕ ತಿರಗಸ್ರಿ!" ಅಂತ ಚೀರಿದ್ದಾಳೆ. ಹಂದರದಲ್ಲಿ ಯಾರೋ ಬಂಗಾರ ಕದ್ದದ್ದು ಕಂಡಿರಬೇಕು ಅಂತ ಬೀಗತಿ ಎದೆ ಹಿಡಿದುಕೊಂಡಳಂತೆ. ಅಕ್ಕ ನನಗೆ ಫೋನ್ ಮಾಡಿ, "ಜೇವರ್ಗಿ ಹುಡುಗಿ ಒಬ್ಬಾಕಿ ಹೊಲದ ಹುಚ್ಚು ಹಿಡಿಸ್ಕೊಂಡಾಳ. ಫೋಟೊ ನಿನ್ನ ಕಡಿ ಅದ ಅಂತ ಹೇಳೀನಿ. ನೀನೇ ನೋಡ್ಕೊ," ಅಂದಳು.

ಬಂದವಳು ಚಹಾ ಕೂಡ ಬೇಡವೆಂದು ಗೋಡೆಯ ಮುಂದೆ ನಿಂತಳು. ಕನ್ನಡಕ ಫೋಟೊದ ಗಾಜಿಗೆ ತಾಗುವಷ್ಟು ಹತ್ತಿರ. ಭಾಗ್ಯಶ್ರೀ ಕರೆದ ಹಾಗೆ ನನ್ನನ್ನು ಮೌಶಿ ಅಂತಲೇ ಕರೆದಳು. ತಾಯಿಯ ತಂಗಿಗೆ ನಮ್ಮ ಗಡಿಯಲ್ಲಿ ಹಾಗನ್ನುತ್ತಾರೆ.

"ಮೌಶಿ, ಈ ಹೊಲದಾಗ ಕುರಿ ನಿಲ್ಲಿಸಿದ್ರೇನ್ರಿ?"

ಒಳ್ಳೆಯ ಪ್ರಶ್ನೆ. ಕುರಿಗಾರರು ರಾತ್ರಿ ಹಿಂಡು ತರುಬಿದ ಕಡೆ ಹಿಕ್ಕೆ ಬಿದ್ದು ಮುಂದಿನ ಬೆಳೆ ಹಸಿರಾಗುತ್ತದೆ. "ಇಲ್ಲವ್ವಾ. ಅದು ಬಣವಿ ಜಾಗ," ಅಂದೆ.

"ಬಣವಿ ಆದ್ರ ನಡುವೂ ಹಸರ ಇರಬೇಕಲ್ರಿ? ಇಲ್ಲಿ ಸುತ್ತ ಮಾತ್ರ ಅದ, ನಡುವ ಖಾಲಿ."

ನಾನು ಎದ್ದು ಹೋಗಿ ಮೂಗು ಹಚ್ಚಿ ನೋಡಿದೆ. ಖಾಲಿ. ಕುರಿ ಹಟ್ಟಿಯಾದರೂ ಹಿಕ್ಕೆ ಬೀಳುವುದು ನಡುವೆಯೇ. ಅಷ್ಟು ದೊಡ್ಡ ಬಣವೆ ಒಟ್ಟಬೇಕಾದರೆ ತಾಲೂಕಿನ ಕಣಕಿಯೆಲ್ಲ ಬೇಕು. ಇಷ್ಟು ದಿನ ಎಷ್ಟು ಮಂದಿಗೆ ಎಷ್ಟು ಗಟ್ಟಿಯಾಗಿ ಹೇಳಿದ್ದೆ! ಸಲಹೆ ಕೊಡುವ ಚಟ ಇದ್ದವರಿಗೆ ನನ್ನ ಸಲಹೆ ಏನೆಂದರೆ, ಸ್ವಲ್ಪ ಮೆಲ್ಲಗೆ ಹೇಳಿ. ಹಿಂದಕ್ಕೆ ತೆಗೆದುಕೊಳ್ಳಲು ಸುಲಭ.

ರೇಣುಕಾ ಹೇಳಿದ್ದು ಹೀಗೆ. ಬಹಳ ಹಿಂದೆ, ದೇವಸ್ಥಾನಗಳೂ ಕೋಟೆಗಳೂ ಬರುವ ಮೊದಲೇ ಇರಬಹುದು, ಹಳ್ಳದ ದಂಡೆಗೆ ಕೆಲವು ಮನೆಯವರು ದನಕರು ಕಟ್ಟಿಕೊಂಡು ಇದ್ದಿರಬಹುದು. ತಮ್ಮ ವಸತಿಯ ಸುತ್ತ ಕಂದಕ ತೋಡಿರಬಹುದು. ಅವರು ಹೋದ ಮೇಲೆ ಆ ಕಂದಕದಲ್ಲಿ ಬೂದಿ, ಸಗಣಿ, ಮೇಲ್ಮಣ್ಣು ಬಿದ್ದು ಬಿದ್ದು ತುಂಬಿ ನೆಲ ಸಮವಾಗಿದೆ. ಆದರೆ ತುಂಬಿದ ಮಣ್ಣು ಮೆತ್ತಗೆ, ಆಳ, ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಕೈಕೊಟ್ಟಾಗ ಸುತ್ತಲ ಜೋಳ ಒಣಗಿದರೂ ಅದರ ಮೇಲಿನ ಜೋಳ ಇನ್ನಷ್ಟು ದಿನ ಹಸಿರಾಗಿರುತ್ತದೆ. ಬಿಟ್ಟುಹೋದ ಆ ತುಂಡು ಬಾಗಿಲು. ಅಲ್ಲಿ ಕಂದಕ ತೋಡಲಿಲ್ಲ, ಜನ ದನ ಓಡಾಡಲು.

ನನಗೆ ಅರ್ಥವಾಯಿತು. ಟ್ರಂಕಿನಲ್ಲಿ ವರ್ಷಗಟ್ಟಲೆ ಮಡಚಿಟ್ಟ ಸೀರೆ ತೆಗೆದು ಉಟ್ಟರೆ, ಎಷ್ಟು ಕೈಯಾಡಿಸಿದರೂ ಮಡಿಕೆಯ ಗೆರೆ ಹೋಗುವುದಿಲ್ಲ. ಒಂದು ಬೆಳಕಿನಲ್ಲಿ ಕಾಣುತ್ತದೆ, ಒಂದರಲ್ಲಿ ಕಾಣುವುದಿಲ್ಲ. ಆದರೆ ಅವಳ "ಇರಬಹುದು, ಇರಬಹುದು" ಕೇಳಿ ವ್ಯಾಪಾರದವಳಾದ ನನಗೆ ತಾಳ್ಮೆ ತಪ್ಪಿತು.

"ಹೌದೋ ಅಲ್ಲೋ, ಒಂದು ಹೇಳವ್ವಾ."

"ಅಗದು ನೋಡದಽ ಹೌದು ಅನ್ನಾಕ ಬರಂಗಿಲ್ಲ ಮೌಶಿ. ಆದ್ರ ಗೊತ್ತಿಲ್ಲದಾಂವ ಯಾರರೆ ಅಗದುಬಿಟ್ರ, ಆಮ್ಯಾಲ ಎಂದೂ ಹೌದು ಅನ್ನಾಕ ಬರಂಗಿಲ್ಲ."

ಅವಳು ಹೋದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಆ ಹೊಲದ ಕಣಕಿಯನ್ನು ಪ್ರತಿ ವರ್ಷ ಕೊಳ್ಳುವವಳು ನಾನೇ. ಒಂದೊಂದು ವರ್ಷ ಕೊಯ್ಯುವ ಹೆಣ್ಣುಮಕ್ಕಳು "ಅಕ್ಕಾ, ಈ ಹೊಲದಾಗ ಒಂದೊಂದು ಕಡಿ ದಂಟು ಕಬ್ಬಿನಂಗ ಅದಾವ" ಅನ್ನುತ್ತಿದ್ದರು. ನಾನು ಆ ದಪ್ಪ ಕಟ್ಟುಗಳನ್ನು ಲಾರಿಯ ಹೊರಮಗ್ಗುಲಿಗೆ ಜೋಡಿಸಿ ಗಿರಾಕಿಗೆ ತೋರಿಸುತ್ತಿದ್ದೆ. ಅಂದರೆ ಆ ಬಳೆಯನ್ನು ವರ್ಷ ವರ್ಷವೂ ಕಟ್ಟು ಕಟ್ಟಿ ಮಾರಿದ್ದೇನೆ. ಬಳೆ ಅಂತ ಮಾತ್ರ ಗೊತ್ತಿರಲಿಲ್ಲ. ಬದುವಿನ ಮೇಲೆ ನಿಂತರೆ ಎದುರಿನ ನಾಲ್ಕು ಸಾಲು ಬಿಟ್ಟು ಏನು ಕಾಣುತ್ತದೆ?

ಹೊಲ ಗೊಬ್ಬೂರಿನ ಗುರುಲಿಂಗ ಕಾಕಾನದು. ಹಣೆಗೆ ವಿಭೂತಿ, ತಲೆಗೆ ಬಿಳಿ ಟೋಪಿ, ಹೆಗಲಿಗೆ ಟವೆಲ್, ಬಾಯಿಗೆ ಬೀಗ ಇಲ್ಲ. ಬೇಸಿಗೆ ಹತ್ತಿರ ಬಂದಾಗ ಒಂದು ದಿನ ಅಡ್ಡೆಗೆ ಬಂದರು. ಗೋಡೆಯ ಮುಂದೆ ನಿಂತರು.

"ಇದು ನನ್ನ ಹೊಲ ಅಲ್ಲೇನ್ ಬೇ ಶಾಂತಾ?"

"ಹೌದ್ರಿ ಕಾಕಾ."

ಬೆರಳಿನಿಂದ ಬಳೆಯ ಮೇಲೆ ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು. ಅವರ ಮುಖ ಅರಳುತ್ತ ಹೋಯಿತು. "ಊರಿನ ಜ್ವಾಳ ಎಲ್ಲಾ ಒಣಗ್ಯದ, ಇಷ್ಟು ಮಾತ್ರ ಹಸರ ಅದ. ಅಂದ್ರ ಕೆಳಗ ನೀರದ! ತೆಂಗಿನಕಾಯಿ ಹಿಡದು ನೀರು ತೋರಸಾಂವನ ಹಂಗೂ ಬ್ಯಾಡ. ಬ್ಯಾಸಗ್ಯಾಗ ಜೇಸಿಬಿ ತರಸ್ತೇನಿ ಬೇ. ಬಾವಿ ಇಲ್ಲೇ."

ಕಾಕಾನಿಗೆ ಬಾವಿಯ ಆಸೆ ಇವತ್ತಿನದಲ್ಲ. ಅವರ ಸುತ್ತಮುತ್ತ ಎಲ್ಲರಿಗೂ ಬಾವಿ ಇದೆ, ಇವರು ಮಾತ್ರ ಮಳೆ ನೋಡಿ ಬಿತ್ತುವವರು. ನಾನು ಬಾಯಿ ಬಿಡುವಷ್ಟರಲ್ಲಿ ಅವರು ಅಫಜಲಪುರದ ಬಸ್ಸಿಗೆ ಕೈ ಮಾಡಿ ಆಗಿತ್ತು.

ರೇಣುಕಾಗೆ ಫೋನ್ ಮಾಡಿದೆ. "ಮೌಶಿ, ಬಾವಿ ತೋಡಿದ್ರ ಕಂದಕದ ಎದಿ ಮ್ಯಾಲೇ..." ಅಂದಳು.

"ಅಳಬ್ಯಾಡ. ದರ ಮುರದು ಮಾತು ಗಟ್ಟಿ ಆಗೂ ತನಕ ಯಾವ ಮಾಲೂ ಕೈಬಿಟ್ಟು ಹೋಗಂಗಿಲ್ಲ. ನಾಳಿ ಗೊಬ್ಬೂರಿಗಿ ಬಾ," ಅಂದೆ. ಆ ಕಂದಕ ತೋಡಿದವರು ನನಗೆ ಬೀಗರೂ ಅಲ್ಲ, ಬಳಗವೂ ಅಲ್ಲ. ಆದರೆ ಇಷ್ಟು ವರ್ಷ ಅವರ ಕೆಲಸದ ಲಾಭ ತಿಂದವಳು ನಾನು. ಆ ಬಳೆ ಒಡೆಯಲು ಬಿಡಬಾರದು ಅಂತ ಅವತ್ತು ಗಟ್ಟಿ ಮಾಡಿಕೊಂಡೆ.

ಚೌಕಾಸಿಗೆ ಹೋದಾಗ ಮೊದಲು ಉಣ್ಣಬೇಕು. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಕಾಕಾನ ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ಖಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಡಿಸಿದರು. ರೇಣುಕಾ ಮೊದಲ ತುತ್ತಿಗೇ "ಕಾಕಾ, ಪ್ರಾಚೀನ ಕಾಲದಾಗ..." ಅಂತ ಶುರು ಮಾಡಿದಳು. ನಾನು ಅವಳ ಕಾಲು ತುಳಿದೆ. ಕೈ ತೊಳೆದ ಮೇಲೆ ನಾನೇ ವಿಷಯ ತೆಗೆದೆ. ಕಾಕಾ ಶಾಂತವಾಗಿ ಕೇಳಿದರು.

"ಹಳೇ ಊರು ಇದ್ರ ಇರಲಿ ಬೇ. ಊರು ಇತ್ತಂದ್ರ ನೀರೂ ಇತ್ತು ಅಂದಂಗಾತು. ನೀರಿಲ್ದ ಕಡಿ ಯಾರು ಇರ್ತಾರ?"

ಇಂಥ ಮಾತಿಗೆ ನಾನೂ ತಲೆದೂಗಬೇಕಾಯಿತು. ಹಳ್ಳದ ನೀರು ತರುತ್ತಿದ್ದರು ಅಂತ ರೇಣುಕಾ ಹೇಳಿದಳು.

"ಅದೂ ಇರಲಿ. ನಾಳಿ ಸರ್ಕಾರದವ್ರು ಬಂದು ಬೋರ್ಡ್ ಬಡದು, ತಂತಿಬೇಲಿ ಹಾಕಿ, ನನ್ನ ಹೊಲದಾಗ ನನ್ನನ್ನೇ ಬಿತ್ತಬ್ಯಾಡ ಅಂದ್ರ?"

"ನೀವು ಬಿತ್ತಿದ್ರೇ ಅದು ಕಾಣೂದು ಕಾಕಾ," ಅಂದಳು ಹುಡುಗಿ. "ಬೆಳಿ ಇಲ್ಲಂದ್ರ ಬಳಿನೂ ಇಲ್ಲ. ಮ್ಯಾಲ ಬಿತ್ತೂದು ಬ್ಯಾಡ ಅನ್ನಂಗಿಲ್ಲ ನಾನು. ಆಳಕ್ಕ ಅಗೀಬ್ಯಾಡ್ರಿ ಅಂತೇನಿ, ಅಷ್ಟೇ. ನೀವು ಹೂಂ ಅನ್ನೂ ತನಕ ನಿಮ್ಮ ಹೊಲದ ಹೆಸರು ಎಲ್ಲಿಯೂ ಬರಿಯಂಗಿಲ್ಲ."

ಇದು ಕಾಕಾನಿಗೆ ಹಿಡಿಸಿತು. ಆದರೂ ಬಾವಿ ಬಿಡುವ ಮನಸ್ಸಿಲ್ಲ. ಆಗ ನಾನು ಕೇಳಿದೆ: ಒಂದೇ ಒಂದು ಬೆಳೆ ತಡೆಯಿರಿ. ಮುಂದಿನ ಮಾಘದಲ್ಲಿ ಖಾಜಾನನ್ನು ಕರೆಸಿ ಮತ್ತೆ ಮೇಲಿನಿಂದ ನೋಡೋಣ.

"ಅಲ್ಲಿ ನೀರಿಲ್ಲ ಅಂತ ಭಾಗ್ಯವಂತಿ ಮ್ಯಾಲ ಆಣಿ ಮಾಡು ನೋಡೂಣು."

"ವ್ಯಾಪಾರದಾಗ ದೇವರನ್ನ ಯಾಕ ತರ್ತೀರಿ ಕಾಕಾ? ಟವೆಲ್ ತರ್ರಿ."

ದನದ ಸಂತೆಯಲ್ಲಿ ನೀವು ನೋಡಿರಬಹುದು, ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ದರ ಮಾತಾಡುತ್ತಾರೆ. ಬಾಯಿ ಬಿಡುವುದಿಲ್ಲ. ಹೀಗೆ ಮುರಿದ ಮಾತಿಗೆ ತಪ್ಪುವವನು ಮತ್ತೆ ಸಂತೆಗೆ ಕಾಲಿಡುವಂತಿಲ್ಲ. ಹೆಂಗಸು ಟವೆಲ್ಲಿನ ಕೆಳಗೆ ಕೈ ಇಡುವುದುಂಟೇ ಅಂತ ನಾನು ಹೊಸಬಳಿದ್ದಾಗ ನಕ್ಕಿದ್ದರು. ಈಗ ನಗುವುದಿಲ್ಲ. ಕಾಕಾ ಟವೆಲ್ ಹಾಸಿದರು. ನಾನು ಅವರ ಒಂದೇ ಬೆರಳು ಹಿಡಿದೆ. ಒಂದು ಬೆಳೆ. ಅವರು ನನ್ನ ಕೈ ಅಮುಕಿದರು. "ಬಳಿ ಮತ್ತ ಬಂತು ಅಂದ್ರ ನಾ ಅಗಿಯಂಗಿಲ್ಲ. ಬರಲಿಲ್ಲಂದ್ರ ಬಾವಿ ತೋಡೇ ತೋಡ್ತೇನಿ, ನೀ ಹಳೇ ಊರು ಅಂತ ಮತ್ತ ಬಾಯಿ ತೆಗಿಯಂಗಿಲ್ಲ."

"ಒಪ್ಪಿದೆ," ಅಂದೆ.

"ಮೌಶಿ, ಆದ್ರ ಮಳಿ..." ಅಂತ ರೇಣುಕಾ ಏನೋ ಹೇಳಹೊರಟಳು. ದರ ಮುರಿಯುವಾಗ ಮಾತಾಡಬಾರದು. ಇನ್ನೊಮ್ಮೆ ಅವಳ ಕಾಲು ತುಳಿದೆ.

ಅವಳು ಏನು ಹೇಳಹೊರಟಿದ್ದಳು ಅಂತ ತಿಳಿದದ್ದು ಮಳೆಗಾಲದಲ್ಲಿ. ಆ ವರ್ಷ ಎಂಥ ಮಳೆ ಬಂತು! ಭೀಮೆ ತುಂಬಿ ಹರಿದಳು. ಹಿಂಗಾರಿಗೂ ಹದವಾದ ಹಸಿ, ಬಿತ್ತಿದ ಮೇಲೂ ಮಳೆ. ಮೂರೂ ತಾಲೂಕಿನ ಜನ ನಗುತ್ತಿದ್ದರು. ಮೋಡ ಕಂಡರೆ ಮುಖ ಬಾಡಿಸುತ್ತಿದ್ದದ್ದು ರೇಣುಕಾ ಒಬ್ಬಳೇ. "ಬರದ ವರ್ಷ ಮಾತ್ರ ಬಳಿ ಕಾಣ್ತದ ಮೌಶಿ. ಎಲ್ಲಾ ಕಡಿ ಹಸಿ ಇದ್ದಾಗ ಕಂದಕದ ಜ್ವಾಳಕ್ಕೂ ಉಳಿದ ಜ್ವಾಳಕ್ಕೂ ಫರಕ್ ಇರಂಗಿಲ್ಲ. ಅವತ್ತ ಇದನ್ನೇ ಹೇಳಾಕ ಹೊಂಟಿದ್ದೆ. ನೀವು ಕಾಲು ತುಳದ್ರಿ."

ಮಳೆ ಬೇಡ ಅನ್ನುವ ಬಾಯಿ ನನಗಿಲ್ಲ. ಕಣಕಿಯ ವ್ಯಾಪಾರಿ ನಾನು. ಬಂದ ಮಳೆಗೆ ಕೈ ಮುಗಿದೆ, ನನ್ನ ಕಾಲಿಗೆ ಬೈದುಕೊಂಡೆ. ಮಾಘ ಬಂತು.

ಖಾಜಾ ಹೊಲದ ಬದುವಿನಲ್ಲಿ ನಿಂತು ಡ್ರೋನ್ ಹಾರಿಸಿದ. ಬಿಸಿಲಿಗೆ ಅವನ ಕೈಯಲ್ಲಿನ ಸಣ್ಣ ಪರದೆ ಕಾಣುತ್ತಿರಲಿಲ್ಲ. ಕಾಕಾ ತಮ್ಮ ಟವೆಲ್ಲನ್ನೇ ಅದರ ಮೇಲೆ ಹಿಡಿದರು. ನಾಲ್ಕೂ ಜನ ಅದರೊಳಗೆ ತಲೆ ತೂರಿಸಿದೆವು. ಹಸಿರು. ಬರೀ ಹಸಿರು. "ಇನ್ನಽ ಮ್ಯಾಲ ಒಯ್ಯಿ," ಅಂದೆ. ಒಯ್ದ. "ಜರಾ ಅತ್ತ ಒಯ್ಯಿ." ಒಯ್ದ. ಮಡಿಕೆಯಿಲ್ಲದ ಹೊಸ ಸೀರೆಯ ಹಾಗೆ ಹೊಲ ಬಿದ್ದುಕೊಂಡಿತ್ತು.

ಕಾಕಾ ತಲೆ ಹೊರಗೆ ತೆಗೆದರು. "ಎಲ್ಲಿ ಹೋತು ಬೇ ನಿಮ್ಮ ಊರು? ಬಸ್ ಹತ್ತಿತೇನು?"

ಖಾಜಾ ನಕ್ಕ. ರೇಣುಕಾ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ನಿಂತಳು, ಒರೆಸುತ್ತಲೇ ಇದ್ದಳು. "ಜ್ವಾಳ ಕೊಯ್ದ ಮ್ಯಾಲ ಜೇಸಿಬಿಯವನಿಗಿ ಹೇಳ್ತೇನಿ," ಅಂದರು ಕಾಕಾ. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಬಾವಿ ಸಿಕ್ಕೇಬಿಟ್ಟಿತು ಅನ್ನುವ ಸಂತೋಷ ಅಷ್ಟೇ. ಅದಕ್ಕೆ ಎದುರಾಡುವುದು ಇನ್ನೂ ಕಷ್ಟ. ಟವೆಲ್ಲಿನ ಮಾತು ಬೇರೆ ಕೊಟ್ಟುಬಿಟ್ಟಿದ್ದೆ.

ವ್ಯಾಪಾರ ಕೈತಪ್ಪಿತು ಅನ್ನಿಸಿದಾಗ ಎದ್ದು ಹೋಗಬೇಡಿ. ಮಾಲನ್ನು ಇನ್ನೊಮ್ಮೆ ನೋಡಿ. ನಾನು ಖಾಜಾನ ಕೈಯಿಂದ ಆ ಪರದೆ ಇಸಿದುಕೊಂಡು, ಸೆರಗು ಮುಚ್ಚಿಕೊಂಡು ಮತ್ತೆ ನೋಡಿದೆ. ಹಸಿರು. ಒಂದೇ ಸಮ ಹಸಿರು. ನೋಡುತ್ತ ನೋಡುತ್ತ ನನಗೆ ನಗು ಬಂತು.

"ಕಾಕಾ, ಹಳೇ ಊರಿನ ಮಾತು ನಾ ಆಡಂಗಿಲ್ಲ. ಬಾವಿ ಮಾತು ಆಡ್ಲೇನ್ರಿ? ಅದರ ಮ್ಯಾಲ ಟವೆಲ್ ಹಾಕಿಲ್ಲ."

"ಆಡು ಬೇ. ನೀ ಸುಮ್ಮ ಕುಂದ್ರಾಕಿ ಅಲ್ಲ."

"ನೆಲದಾಗ ಸೆಲಿ ಇದ್ದ ಹೊಲ, ಇಂಥಾ ಮಳಿ ಬಂದ ವರ್ಷ ಏನಾಗ್ತದ್ರಿ?"

"ಜವಳ ಹಿಡೀತದ, ನೀರು ನಿಂದರ್ತದ. ಇದೇನು ಕೇಳೂ ಮಾತಾ?"

"ಜವಳ ಹಿಡದಲ್ಲಿ ಜ್ವಾಳ?"

"ಹಳದಿ ಬೀಳ್ತದ. ಬೇರು ಕೊಳೀತದ."

ಪರದೆಯನ್ನು ಅವರ ಮುಂದೆ ಹಿಡಿದೆ. "ಎಲ್ಲಿ ಬಿದ್ದದ ಹಳದಿ, ತೋರಸ್ರಿ. ಬರದ ವರ್ಷ ಕಂಡ ನೀರು, ಮಳಿ ವರ್ಷ ಎಲ್ಲಿಗಿ ಹೋತು? ಅದೂ ಬಸ್ ಹತ್ತಿತೇನು?"

ಕಾಕಾ ಟವೆಲ್ಲಿನೊಳಗೆ ಮತ್ತೆ ತಲೆ ತೂರಿಸಿದರು. ಖಾಜಾ "ಬ್ಯಾಟರಿ ಮುಗಿಯಾಕ ಬಂದದ ಕಾಕಾ" ಅಂದ. ಅವರು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಟವೆಲ್ ಹೆಗಲಿಗೆ ಹಾಕಿ ಜೋಳದೊಳಗೆ ಇಳಿದರು. ಬಳೆ ಇದ್ದಿರಬೇಕಾದ ಕಡೆ ತೆನೆಗಳು ಅಲ್ಲಾಡುವುದಷ್ಟೇ ನಮಗೆ ಕಾಣುತ್ತಿತ್ತು. ಬಂದಾಗ ಕೈಯಲ್ಲಿ ಬೇರು ಸಮೇತ ಕಿತ್ತ ಒಂದು ಜೋಳ. ಬೇರು ಬೆಳ್ಳಗೆ, ಗಟ್ಟಿಯಾಗಿತ್ತು. ಮಣ್ಣು ಹಿಚುಕಿ ನೋಡಿ ಕೊಡವಿದರು.

"ಸೆಲಿ ಇಲ್ಲ," ಅಂದರು. ಯಾರ ಕಡೆಯೂ ನೋಡಲಿಲ್ಲ. "ಮತ್ತ ಬರದಾಗ ಹಸರ ಹ್ಯಾಂಗ ಇತ್ತು?"

"ಬಿದ್ದ ಮಳಿ ಬಿಡದಽ ಹಿಡಕೊಂಡು ಕುಂತಿತ್ತು ಕಾಕಾ," ಅಂದಳು ರೇಣುಕಾ ಮೆಲ್ಲಗೆ. "ತನ್ನ ನೀರು ಅದಕ್ಕ ಇಲ್ಲ."

"ಅಂದ್ರ ಅದಕ್ಕೂ ನನ್ನಂಗ ಮಳಿನೇ ಗತಿ." ಕಾಕಾ ಬದುವಿನ ಮೇಲೆ ಕೂತುಬಿಟ್ಟರು. ಗೆದ್ದ ಸಂತೋಷ ನನಗೂ ಆಗಲಿಲ್ಲ. ಒಬ್ಬರ ಬಾವಿಯನ್ನು ಬಾಯಿಂದಲೇ ಮುಚ್ಚಿಬಿಟ್ಟಿದ್ದೆ. ಹಾಗೆ ಖಾಲಿ ಕೈ ಮಾಡಿ ಎದ್ದು ಬರುವುದು ವ್ಯಾಪಾರವಲ್ಲ. ನಾನೂ ಪಕ್ಕದಲ್ಲಿ ಕೂತೆ.

"ಸೆಲಿ ಇಲ್ಲದ ಹೊಲಕ್ಕ ಬಾವಿ ಯಾಕ್ರಿ? ಹಳ್ಳದ ಕಡಿ ಮೂಲಿಗಿ ಕೃಷಿ ಹೊಂಡ ತೋಡ್ರಿ. ಹೊಲದ ನೀರೆಲ್ಲಾ ಹರದು ಹೋಗೂದು ಅತ್ತಾಗೇ. ಹಿಡಕೊಂಡು ಕುಂದ್ರೂದು ನೀವೂ ಕಲೀರಿ."

ಬೇಸಿಗೆಯಲ್ಲಿ ಜೇಸಿಬಿ ಬಂತು. ಕೆಳಗಿನ ಮೂಲೆಯಲ್ಲಿ ಅಗೆಯಿತು. ರೇಣುಕಾ ಬಿಸಿಲಿನಲ್ಲಿ ಇಡೀ ದಿನ ನಿಂತು ಎತ್ತಿದ ಮಣ್ಣನ್ನೆಲ್ಲ ನೋಡಿದಳು. ಎರೆಮಣ್ಣು ಬಿಟ್ಟು ಬೇರೇನೂ ಬರಲಿಲ್ಲ. ಹಳೆಯದೇನೂ ಕೆಡಲಿಲ್ಲ ಅಂತ ಹಾಗೆ ಸಂತೋಷಪಟ್ಟವರನ್ನು ನಾನು ನೋಡಿಲ್ಲ. ಮಣ್ಣನ್ನು ಹೊಂಡದ ಮಗ್ಗುಲಿಗೆ ಎತ್ತರವಾಗಿ ಏರಿ ಹಾಕಿದರು. ಖಾಜಾ ತೆಗೆದಿದ್ದ ಖಾಲಿ ಹಸಿರಿನ ಫೋಟೊಕ್ಕೆ ನಾನು ಫ್ರೇಮು ಹಾಕಿಸಿದೆ. ಅದಕ್ಕೆ ಮಾತ್ರ ಅವನು ಒಂದು ಪೈಸೆ ಬಿಡಲಿಲ್ಲ.

ಈ ವರ್ಷ ಮಳೆ ಮತ್ತೆ ಕಡಿಮೆ. ಹೊಂಡದಲ್ಲಿ ಹಿಡಿದ ನೀರಿಗೆ ಕಾಕಾನ ಹೊಲದ ಕೆಳಗಿನ ಭಾಗ ತಡೆದುಕೊಂಡಿದೆ. ಮೊನ್ನೆ ಅವರು ಅಡ್ಡೆಗೆ ಬಂದರು. ಕೂತುಕೊಳ್ಳುವ ಮೊದಲೇ ಶುರು.

"ಹೊಂಡದ ಏರಿ ಮ್ಯಾಲ ನಿಂತಿದ್ದೆ ಬೇ. ಕಾಣ್ತು."

"ಏನ್ ಕಾಣ್ತು?"

"ಮತ್ತೇನು? ಬಳಿ!" ಗಾಳಿಯಲ್ಲಿ ಬೆರಳಿನಿಂದ ದೊಡ್ಡದೊಂದು ಸುತ್ತು ಬರೆದರು. ಹಳ್ಳದ ಕಡೆಗೆ ಬಂದಾಗ ಬೆರಳನ್ನು ಚೂರು ಎತ್ತಿ, ಬಾಗಿಲಿನಷ್ಟು ಜಾಗ ಬಿಟ್ಟು, ಮತ್ತೆ ಇಳಿಸಿ ಮುಂದುವರಿಸಿದರು. "ಆ ಹುಡುಗಿಗಿ ಹೇಳು. ಹೊಲದ ಹೆಸರು ಬರಕೊಳ್ಳಲಿ. ನೀನೂ ಬರದ್ರ ಬರಿ."

ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಯಾವ ದಿಕ್ಕಿಗೆ ಅಂತ ಮಾತ್ರ ಕೇಳಬೇಡಿ. "ಖಾಜಾನ್ನ ಕರಸ್ಲೇನ್ರಿ ಕಾಕಾ? ಇನ್ನೊಂದು ಫೋಟೊ ಹಿಡೀಲಿ," ಅಂದೆ.

"ಫೋಟೊ ಯಾಕ? ಬಳಿ ಹೊಲದಾಗೇ ಅದಲ್ಲ." ಕಾಕಾ ಕಟ್ಟಿನ ಮೇಲೆ ಸರಿಯಾಗಿ ಕೂತರು. "ನಾ ಬಂದದ್ದು ಕಣಕಿ ಮಾತಿಗಿ. ಈ ಸಲ ಬಳಿ ಮ್ಯಾಲಿನ ಕಣಕಿ ಬ್ಯಾರೆ ಕಟ್ಟಸ್ತೇನಿ. ದಂಟು ಕಬ್ಬಿನಂಗ ಅದಾವ. ಅದರ ದರ ಬ್ಯಾರೆ."

ಲಾರಿಯ ಹೊರಮಗ್ಗುಲಿಗೆ ನಾನು ಜೋಡಿಸುತ್ತಿದ್ದ ಕಟ್ಟುಗಳು ಕಣ್ಣ ಮುಂದೆ ಬಂದವು. "ಒಂದೇ ಹೊಲ, ಒಂದೇ ಜ್ವಾಳ, ಎರಡು ದರ ಹ್ಯಾಂಗ್ರಿ ಕಾಕಾ?"

"ಯಾರೋ ಪುಣ್ಯಾತ್ಮರು ಮೈ ಮುರದು ತೋಡ್ಯಾರ ಬೇ," ಅಂದರು ಕಾಕಾ, ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಯ ಮೇಲೆ ಹಾಸುತ್ತ. "ಫುಕಟ್ ಕೊಡಾಕ ಬರ್ತದೇನು?"